ಆದೇಶ ಬಂತು, ಹಣ ಬರಲಿಲ್ಲ: ಮಗುವಿನ ಜೀವನಾಂಶಕ್ಕೆ ದಾವಣಗೆರೆಯಲ್ಲಿ ಹೋಗಬೇಕಾದ ದಾರಿ

ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಸುತ್ತಿಟ್ಟಿದ್ದ ನ್ಯಾಯಾಲಯದ ಆದೇಶವನ್ನು ಒಮ್ಮೆ ನನ್ನ ಮುಂದೆ ಬಿಡಿಸಿದರು. ಮಗನಿಗೆ ತಿಂಗಳಿಗೆ 4,000 ರೂಪಾಯಿ ಜೀವನಾಂಶ ಕೊಡಬೇಕೆಂದು ತಂದೆಗೆ ವಿಧಿಸಿದ ಆದೇಶ. ದಿನಾಂಕ ನೋಡಿದರೆ ಎರಡೂವರೆ ವರ್ಷ ಹಳೆಯದು. ಇದುವರೆಗೆ ಎಷ್ಟು ಬಂದಿದೆ ಎಂದು ಕೇಳಿದೆ. "ಮೊದಲ ಎರಡು ತಿಂಗಳು ಕೊಟ್ಟರು ಟೀಚರ್, ಆಮೇಲೆ ಇಲ್ಲ. ಕೋರ್ಟೇ ಹೇಳಿದ ಮೇಲೆ ಇವತ್ತಲ್ಲ ನಾಳೆ ಕೊಡಲೇಬೇಕಲ್ಲ ಎಂದು ಕಾದೆ" ಎಂದರು.

ಕಾದದ್ದೇ ತಪ್ಪಾಗಿತ್ತು. ಬಾಕಿ ವಸೂಲಿಗೆ ವಾರಂಟ್ ಬೇಕೆಂದರೆ ಆ ಹಣ ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು ಎಂಬ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಶಾಲೆಯಿಂದ ನಿವೃತ್ತಳಾದ ಮೇಲೆ ನಾನು ಅರೆಕಾನೂನು ಸ್ವಯಂಸೇವಕಿಯಾಗಿ ಕೆಲಸ ಮಾಡುತ್ತಿದ್ದೇನೆ. ವಕೀಲಳಲ್ಲ. ಯಾವ ಬಾಗಿಲು ಎಲ್ಲಿದೆ, ಅದನ್ನು ತಟ್ಟುವ ಮೊದಲು ಕೈಯಲ್ಲಿ ಏನಿರಬೇಕು ಎಂದು ಹೇಳುವುದಷ್ಟೇ ನನ್ನ ಕೆಲಸ. ಅರ್ಜಿ ಹಾಕುವುದು ಹೇಗೆ ಎಂದು ಕೇಳುವವರು ಬಹಳ ಮಂದಿ. ಆದೇಶ ಬಂದ ಮೇಲೆ ಏನು ಮಾಡಬೇಕೆಂದು ಕೇಳಲು ಬರುವವರು ಕಡಿಮೆ, ಬಂದರೂ ತಡವಾಗಿ ಬರುತ್ತಾರೆ. ಹಾಗಾಗಿ ಈ ಲೇಖನದಲ್ಲಿ ಮೊದಲರ್ಧವನ್ನು ಬೇಗ ದಾಟಿ, ವಸೂಲಿಯ ಬಗ್ಗೆ ಹೆಚ್ಚು ಹೇಳುತ್ತೇನೆ.

ಹಕ್ಕು ಮಗುವಿನದು

ಅರ್ಜಿಯನ್ನು ತಾಯಿ ಹಾಕಬಹುದು, ಸಹಿ ತಾಯಿಯದೇ ಇರಬಹುದು. ಆದರೆ ಹಕ್ಕು ಮಗುವಿನದು. ಇಷ್ಟು ತಿಳಿದರೆ ಜಗಲಿಕಟ್ಟೆಯಲ್ಲಿ ಕೇಳಿಬರುವ ಅರ್ಧ ವಾದಗಳು ಬಿದ್ದುಹೋಗುತ್ತವೆ. "ಅವಳೇ ಮನೆ ಬಿಟ್ಟು ಹೋದಳು" ಎಂಬುದು ಹೆಂಡತಿಯ ಜೀವನಾಂಶಕ್ಕೆ ಅಡ್ಡಬರಬಹುದಾದ ವಾದ, ಮಗುವಿಗಲ್ಲ. "ಮಗುವನ್ನು ನೋಡಲು ಬಿಡುವುದಿಲ್ಲ, ಅದಕ್ಕೇ ಕೊಡುತ್ತಿಲ್ಲ" ಎನ್ನುವ ತಂದೆ ಭೇಟಿಗಾಗಿ ಬೇರೆ ಅರ್ಜಿ ಹಾಕಿಕೊಳ್ಳಬೇಕೇ ಹೊರತು ಊಟದ ದುಡ್ಡನ್ನು ತಡೆಹಿಡಿಯುವಂತಿಲ್ಲ. ಮದುವೆ ಕಾನೂನುಬದ್ಧವಲ್ಲ, ಅದು ಎರಡನೆಯ ಸಂಬಂಧ, ಅಥವಾ ಮದುವೆಯೇ ಆಗಿರಲಿಲ್ಲ ಎಂದರೂ ಮಗುವಿನ ಹಕ್ಕು ಹೋಗುವುದಿಲ್ಲ. ಮದುವೆಯಲ್ಲಿ ಹುಟ್ಟಿದ ಮಗು ತನ್ನದಲ್ಲ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಆ ಮಗು ಗಂಡನದೇ ಎಂದು ಕಾನೂನು ಮೊದಲೇ ಭಾವಿಸುತ್ತದೆ. ತಾಯಿ ದುಡಿಯುತ್ತಾಳೆ ಎಂಬ ಕಾರಣಕ್ಕೂ ತಂದೆಯ ಹೊಣೆ ಇಳಿಯುವುದಿಲ್ಲ, ಇಬ್ಬರ ಗಳಿಕೆಯನ್ನೂ ನೋಡಿ ನ್ಯಾಯಾಲಯ ಪಾಲು ಹಾಕುತ್ತದೆ ಅಷ್ಟೆ.

ಯಾವ ಕಾಯ್ದೆಯಡಿ

ಕೋರ್ಟಿನ ಆವರಣದಲ್ಲಿ ಇಂದಿಗೂ "125 ಕೇಸು" ಎಂದೇ ಕರೆಯುತ್ತಾರೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 144ನೇ ಕಲಮು ಈಗ ಆ 125ರ ಜಾಗದಲ್ಲಿದೆ. ಒಳಗಿನ ಹೂರಣ ಬಹುಮಟ್ಟಿಗೆ ಅದೇ. ಧರ್ಮ ಯಾವುದೇ ಇರಲಿ, ಎಲ್ಲ ಮಕ್ಕಳಿಗೂ ಇದು ಅನ್ವಯ. ತಲಾಖ್ ಆಗಿದ್ದರೂ ಮುಸ್ಲಿಂ ಮಕ್ಕಳು ಈ ದಾರಿಯಲ್ಲೇ ತಂದೆಯಿಂದ ಜೀವನಾಂಶ ಕೇಳಬಹುದೆಂದು ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. ಮೊದಲು ತಿಂಗಳಿಗೆ 500 ರೂಪಾಯಿಯ ಮಿತಿ ಇತ್ತು, 2001ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು.

ಬೇರೆ ದಾರಿಗಳೂ ಇವೆ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ 1956ರ 20ನೇ ಕಲಮಿನಡಿ ದಾವೆ ಹೂಡಬಹುದು. ವಿಚ್ಛೇದನದ ಪ್ರಕರಣ ನಡೆಯುತ್ತಿದ್ದರೆ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಅದರಲ್ಲೇ ಮಕ್ಕಳ ಖರ್ಚು, ಓದಿನ ವೆಚ್ಚ ಕೇಳಬಹುದು. ಹೊಡೆತ, ಬೈಗುಳ, ಮನೆಯಿಂದ ಹೊರಹಾಕಿದ್ದು ಇದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ವಾಸಕ್ಕೆ ಜಾಗ, ರಕ್ಷಣೆ ಮತ್ತು ಮಕ್ಕಳ ಜೀವನಾಂಶ ಮೂರನ್ನೂ ಒಟ್ಟಿಗೆ ಕೇಳಬಹುದು. ಇದಕ್ಕೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಅವರ ಕಚೇರಿಯ ದಾರಿ ತೋರಿಸುತ್ತಾರೆ.

ಮಗುವಿನ ದುಡ್ಡು ಮಾತ್ರ ಬೇಕು, ಬೇರೆ ಜಗಳ ಬೇಡ ಎನ್ನುವವರಿಗೆ 144 ಸಾಕು. ಎರಡು ಕಡೆ ಅರ್ಜಿ ಹಾಕಿದರೆ ಒಂದನ್ನು ಇನ್ನೊಂದರಲ್ಲಿ ಮುಚ್ಚಿಡಬೇಡಿ. ಒಂದರಲ್ಲಿ ಸಿಕ್ಕಿದ್ದನ್ನು ಇನ್ನೊಂದರಲ್ಲಿ ಹೊಂದಿಸುತ್ತಾರೆ, ಮುಚ್ಚಿಟ್ಟದ್ದು ಗೊತ್ತಾದರೆ ನಿಮ್ಮ ಮಾತಿನ ಬೆಲೆ ಹೋಗುತ್ತದೆ.

ಎಲ್ಲಿ, ಯಾರ ಖರ್ಚಿನಲ್ಲಿ

ಗಂಡನ ಊರಿಗೆ ಅಲೆಯಬೇಕಾಗಿಲ್ಲ. ತಾಯಿ ಮಗುವಿನೊಂದಿಗೆ ಈಗ ವಾಸವಿರುವ ಕಡೆ ಅರ್ಜಿ ಹಾಕಬಹುದು. ಗಂಡ ಬೆಂಗಳೂರಿನ ಪೀಣ್ಯದಲ್ಲಿದ್ದು ತವರು ಜಗಳೂರಾದರೆ, ಜಗಳೂರಿನ ವ್ಯಾಪ್ತಿಯ ನ್ಯಾಯಾಲಯವೇ ಸಾಕು. ದಾವಣಗೆರೆ ನಗರದಲ್ಲಿ ಕೌಟುಂಬಿಕ ನ್ಯಾಯಾಲಯವಿದೆ. ಅಂಥ ನ್ಯಾಯಾಲಯದ ವ್ಯಾಪ್ತಿ ಇಲ್ಲದ ಕಡೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ವಿಚಾರಣೆ ಮಾಡುತ್ತಾರೆ. ನಿಮ್ಮ ಊರು ಯಾವ ಕೋರ್ಟಿಗೆ ಸೇರುತ್ತದೆ ಎಂಬುದನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿಯೇ ಹೊರಡಿ. ಒಂದು ದಿನದ ಕೂಲಿ ಉಳಿಯುತ್ತದೆ.

ವಕೀಲರ ಶುಲ್ಕಕ್ಕೆ ಹೆದರಿ ಹಿಂದೆ ಸರಿಯುವವರಿದ್ದಾರೆ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರ 12ನೇ ಕಲಮಿನ ಪ್ರಕಾರ ಮಹಿಳೆಯರು ಮತ್ತು ಮಕ್ಕಳು ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. ಬಿಳಿ ಹಾಳೆಯಲ್ಲಿ ಬರೆದ ಅರ್ಜಿ, ಆಧಾರ್ ಪ್ರತಿಯೊಂದಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಪ್ಯಾನಲ್ ವಕೀಲರನ್ನು ನೇಮಿಸುತ್ತಾರೆ. ಫೋನಿನಲ್ಲಿ ಕೇಳುವುದಾದರೆ 15100. ನೇಮಕವಾದ ವಕೀಲರು ನಿಮ್ಮ ಬಳಿ ಹಣ ಕೇಳುವಂತಿಲ್ಲ. ಕೇಳಿದರೆ ನೇಮಿಸಿದವರಿಗೇ ತಿಳಿಸಿ, ಬೇರೆಯವರನ್ನು ಕೊಡುತ್ತಾರೆ.

ಕಾಗದಗಳು

ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ, ಮದುವೆಯ ಆಮಂತ್ರಣ ಅಥವಾ ಫೋಟೊ. ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಸರಿಯಾಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಇಷ್ಟು ಎಲ್ಲರೂ ತರುತ್ತಾರೆ. ತರದಿರುವುದು ಮಗುವಿನ ಖರ್ಚಿನ ಲೆಕ್ಕ. "ತಿಂಗಳಿಗೆ ಹತ್ತು ಸಾವಿರ ಬೇಕು" ಎಂದರೆ ನ್ಯಾಯಾಧೀಶರು ಏಕೆ ಎಂದು ಕೇಳುತ್ತಾರೆ. ಶಾಲೆಯ ಶುಲ್ಕದ ರಸೀದಿ, ಆಟೊ ಬಾಡಿಗೆ, ಟ್ಯೂಷನ್, ಔಷಧದ ಚೀಟಿ, ಬಾಡಿಗೆ ಕರಾರು ಇವನ್ನೆಲ್ಲ ಒಂದು ದಾರದಲ್ಲಿ ಪೋಣಿಸಿಟ್ಟುಕೊಂಡು, ಒಂದು ಪುಟದ ಪಟ್ಟಿ ಮಾಡಿ. ಮೂವತ್ತು ವರ್ಷ ಮೇಷ್ಟ್ರುಗಿರಿ ಮಾಡಿದವಳ ಚಟ ಎನ್ನಿ ಬೇಕಾದರೆ, ನಾನು ಎಲ್ಲರಿಗೂ ಒಂದು ನೂರು ಪುಟದ ನೋಟ್‌ಬುಕ್ ಕೊಂಡುಕೊಳ್ಳಲು ಹೇಳುತ್ತೇನೆ. ಮೊದಲ ಪುಟದಲ್ಲಿ ಪ್ರಕರಣದ ಸಂಖ್ಯೆ, ಆಮೇಲೆ ಪ್ರತಿ ವಾಯಿದೆಯ ದಿನಾಂಕ, ಏನಾಯಿತು, ಯಾವಾಗ ಎಷ್ಟು ಹಣ ಬಂತು. ಮುಂದೆ ಬಾಕಿಯ ಲೆಕ್ಕಕ್ಕೆ ಬರುವುದು ಈ ಪುಸ್ತಕವೇ.

ಆತನ ಆದಾಯ ತೋರಿಸುವುದು

ಸರ್ಕಾರಿ ನೌಕರನಾದರೆ ಸುಲಭ, ವೇತನ ಪ್ರಮಾಣಪತ್ರವನ್ನು ಕಚೇರಿಯಿಂದಲೇ ತರಿಸಲು ನ್ಯಾಯಾಲಯವನ್ನು ಕೋರಬಹುದು. ನಮ್ಮ ಜಿಲ್ಲೆಯಲ್ಲಿ ಕಷ್ಟವಾಗುವುದು ಪಗಾರದ ಚೀಟಿ ಇಲ್ಲದವರ ವಿಷಯದಲ್ಲಿ. ಚನ್ನಗಿರಿಯ ಅಡಿಕೆ ತೋಟದ ಯಜಮಾನನೂ ಕೋರ್ಟಿನಲ್ಲಿ "ನಾನು ಕೂಲಿ ಮಾಡಿ ಬದುಕುವವನು" ಎನ್ನುತ್ತಾನೆ. ಭದ್ರಾ ನಾಲೆಯ ಕೆಳಗೆ ಎರಡು ಬೆಳೆ ಭತ್ತ ತೆಗೆಯುವವನೂ ಅದನ್ನೇ ಹೇಳುತ್ತಾನೆ.

ಸರ್ವೆ ನಂಬರ್ ಗೊತ್ತಿದ್ದರೆ ಪಹಣಿಯನ್ನು ಭೂಮಿ ತಂತ್ರಾಂಶದಿಂದ ಯಾರು ಬೇಕಾದರೂ ತೆಗೆಸಬಹುದು. ಜಮೀನು ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ ಅದನ್ನೂ ಅರ್ಜಿಯಲ್ಲಿ ಬರೆಯಿಸಿ. ಕುಟುಂಬದ ಆಸ್ತಿಯಲ್ಲಿ ಆತನಿಗೆ ಪಾಲಿದೆ ಎಂದು ತೋರಿಸಲು ವಂಶವೃಕ್ಷ ನೆರವಾಗುತ್ತದೆ. ಇತ್ತೀಚೆಗೆ ಏನನ್ನಾದರೂ ಮಾರಿದ್ದಾನೆಯೇ, ತಮ್ಮನ ಹೆಸರಿಗೆ ಬರೆದಿದ್ದಾನೆಯೇ ಎಂಬುದು ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರದಲ್ಲಿ ಸಿಗುತ್ತದೆ. ಅಡಿಕೆಯನ್ನು ತುಮ್ಕೋಸ್‌ನಂಥ ಸಹಕಾರ ಸಂಘಕ್ಕೆ ಹಾಕುವವನಾದರೆ ಅಲ್ಲಿ ಖಾತೆ ಇರುತ್ತದೆ, ಭತ್ತ ಮೆಕ್ಕೆಜೋಳಕ್ಕೆ ಎಪಿಎಂಸಿಯ ದಲ್ಲಾಳಿ ಅಂಗಡಿಯ ಪಟ್ಟಿ ಇರುತ್ತದೆ. ಇವನ್ನು ನೀವೇ ತರಲಾಗದು. ಸಂಘದ ಹೆಸರು, ಅಂಗಡಿಯ ಹೆಸರು ಕೊಟ್ಟರೆ ವಕೀಲರು ದಾಖಲೆ ತರಿಸಲು ಅರ್ಜಿ ಹಾಕುತ್ತಾರೆ. ಟ್ರ್ಯಾಕ್ಟರ್, ಕಾರು ಇದ್ದರೆ ಕೆಎ 17ರ ಮುಂದಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಿದ ಹೊಸ ಬೈಕಿನ ಫೋಟೊ ಸಹ ಉಪಯೋಗಕ್ಕೆ ಬಂದದ್ದುಂಟು. ಇಂಥ ಮೊಬೈಲ್ ದಾಖಲೆಗೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು.

2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಇಲ್ಲಿ ದೊಡ್ಡ ಆಸರೆ. ಜೀವನಾಂಶದ ಪ್ರಕರಣಗಳಲ್ಲಿ ಎರಡೂ ಕಡೆಯವರು ತಮ್ಮ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಲೇಬೇಕು ಎಂದು ಆ ತೀರ್ಪು ಹೇಳಿತು. ಇದು ನಿಮಗೂ ಅನ್ವಯಿಸುತ್ತದೆ ಎಂಬುದನ್ನು ಮರೆಯಬೇಡಿ. ಹೊಲಿಗೆಯಿಂದ ತಿಂಗಳಿಗೆ ಮೂರು ಸಾವಿರ ಬರುತ್ತಿದ್ದರೆ ಬರುತ್ತಿದೆ ಎಂದೇ ಬರೆಯಿರಿ. ಏನೂ ಇಲ್ಲ ಎಂದು ಬರೆದು, ಪಾಟೀಸವಾಲಿನಲ್ಲಿ ಸಿಕ್ಕಿಬಿದ್ದು, ನಿಜವಾದ ಮಾತನ್ನೂ ನಂಬಿಸಲಾಗದೆ ಅತ್ತವರನ್ನು ನೋಡಿದ್ದೇನೆ. "ಕೆಲಸವೇ ಇಲ್ಲ" ಎಂಬ ತಂದೆಯ ವಾದಕ್ಕೆ ಹೆಚ್ಚು ಬೆಲೆಯಿಲ್ಲ. ಮೈಯಲ್ಲಿ ಕಸುವಿದ್ದವನು ದುಡಿದು ಸಾಕಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲೂ ಹೇಳಿದೆ.

ಮಧ್ಯಂತರ ಆದೇಶ

ಮುಖ್ಯ ಅರ್ಜಿಯ ಜೊತೆಗೇ ಮಧ್ಯಂತರ ಜೀವನಾಂಶದ ಅರ್ಜಿಯನ್ನೂ ಹಾಕಿಸಿ. ನೋಟಿಸ್ ಜಾರಿಯಾದ 60 ದಿನಗಳಲ್ಲಿ, ಸಾಧ್ಯವಾದ ಮಟ್ಟಿಗೆ, ಇದನ್ನು ತೀರ್ಮಾನಿಸಬೇಕು ಎಂದು ಕಾಯ್ದೆ ಹೇಳುತ್ತದೆ. "ಸಾಧ್ಯವಾದ ಮಟ್ಟಿಗೆ" ಎಂಬ ಮಾತು ಎಷ್ಟು ಅಗಲವೆಂದು ಕೋರ್ಟಿನ ಬೆಂಚಿನ ಮೇಲೆ ಕೂತವರಿಗೆ ಗೊತ್ತು. ತಡವಾಗುವುದು ಹೆಚ್ಚಾಗಿ ನೋಟಿಸ್ ಹಂತದಲ್ಲಿ. "ಬಾಗಿಲು ಹಾಕಿದೆ", "ಊರಲ್ಲಿಲ್ಲ" ಎಂಬ ಷರಾ ಬರೆದು ನೋಟಿಸ್ ವಾಪಸು ಬರುತ್ತದೆ. ಆತನ ಮನೆಯ ವಿಳಾಸದ ಜೊತೆ ಕೆಲಸದ ಜಾಗ, ಅವನ ತಾಯಿಯ ಮನೆ, ಬಾಡಿಗೆ ಮನೆ ಎಲ್ಲವನ್ನೂ ಕೊಡಿ. ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ಮನವರಿಕೆಯಾದರೆ ಏಕಪಕ್ಷೀಯವಾಗಿ ಆದೇಶ ಮಾಡುತ್ತಾರೆ. ಅದನ್ನು ರದ್ದುಪಡಿಸಲು ಆತನಿಗೆ ಮೂರು ತಿಂಗಳ ಕಾಲಾವಕಾಶವಿದೆ.

ಅದೇ 2020ರ ತೀರ್ಪಿನ ಪ್ರಕಾರ ಜೀವನಾಂಶ ಲೆಕ್ಕವಾಗುವುದು ಅರ್ಜಿ ಹಾಕಿದ ದಿನದಿಂದ. ದೀಪಾವಳಿ ಕಳೆಯಲಿ, ಮಗಳ ಪರೀಕ್ಷೆ ಮುಗಿಯಲಿ ಎಂದು ಅರ್ಜಿಯನ್ನು ಮುಂದೂಡಿದ ಪ್ರತಿ ತಿಂಗಳೂ ಕೈಬಿಟ್ಟ ದುಡ್ಡು.

ರಾಜಿಯ ಮಾತು ಬಂದಾಗ

ಕೌಟುಂಬಿಕ ನ್ಯಾಯಾಲಯ ಮೊದಲು ರಾಜಿಗೆ ಪ್ರಯತ್ನಿಸುತ್ತದೆ, ಅದು ಅದರ ಕರ್ತವ್ಯ. ರಾಜಿ ಒಳ್ಳೆಯದೇ. ಆದರೆ ಊರ ದೈವದವರು ಕೂತು "ಎರಡು ಲಕ್ಷ ತಗೊಂಡು ಕೇಸು ಮುಗಿಸಿಬಿಡಮ್ಮ" ಎಂದಾಗ ಒಂದು ಲೆಕ್ಕ ಮಾಡಿ. ಮಗುವಿಗೆ ಆರು ವರ್ಷವಾಗಿದ್ದರೆ ಇನ್ನು 144 ತಿಂಗಳು ಬಾಕಿ. ಎರಡು ಲಕ್ಷವನ್ನು ಅದರಿಂದ ಭಾಗಿಸಿದರೆ ತಿಂಗಳಿಗೆ 1,400 ರೂಪಾಯಿಯೂ ಬರುವುದಿಲ್ಲ. ಛಾಪಾ ಕಾಗದದಲ್ಲಿ ಬರೆದುಕೊಟ್ಟರೂ ಮಗುವಿನ ಹಕ್ಕನ್ನು ತಾಯಿ ಬಿಟ್ಟುಕೊಡಲು ಬರುವುದಿಲ್ಲ. ನೋಟರಿ ಮುಂದೆ ಮಾಡಿದ ಕರಾರನ್ನು ತೋರಿಸಿ ವಾರಂಟ್ ಕೇಳಲೂ ಆಗುವುದಿಲ್ಲ. ರಾಜಿಯಾಗುವುದಿದ್ದರೆ ನ್ಯಾಯಾಲಯದಲ್ಲಿ ಅಥವಾ ಲೋಕ ಅದಾಲತ್‌ನಲ್ಲಿ ದಾಖಲಾಗಲಿ, ಎಷ್ಟು, ಯಾವ ತಾರೀಖು, ಯಾವ ಖಾತೆ ಎಂಬುದು ಅದರಲ್ಲಿ ಬರಲಿ.

ಆದೇಶ ಕೈಗೆ ಬಂದ ದಿನ

ಇಲ್ಲಿಂದಲೇ ಅಸಲು ಕೆಲಸ ಶುರು. ಆದೇಶದ ಒಂದು ಪ್ರತಿಯನ್ನು ನಿಮಗೆ ಶುಲ್ಕವಿಲ್ಲದೆ ಕೊಡಬೇಕು ಎಂದು 147ನೇ ಕಲಮು ಹೇಳುತ್ತದೆ, ಕೇಳಿ ಪಡೆಯಿರಿ. ಮಗುವಿನ ಮೊತ್ತ ಬೇರೆಯಾಗಿ ನಮೂದಾಗಿದೆಯೇ, ಯಾವ ದಿನಾಂಕದಿಂದ ಎಂದಿದೆಯೇ, ನಿಮ್ಮ ಬ್ಯಾಂಕ್ ಖಾತೆಗೆ ಜಮಾ ಮಾಡಬೇಕೆಂದಿದೆಯೇ ಎಂದು ಓದಿಸಿಕೊಳ್ಳಿ. ಕೈಯಿಂದ ಕೈಗೆ ಹಣ ತೆಗೆದುಕೊಳ್ಳಬೇಡಿ. "ಜಾತ್ರೆಯಲ್ಲಿ ಐದು ಸಾವಿರ ಕೊಟ್ಟಿದ್ದೆ" ಎಂಬ ವಾದ ಹುಟ್ಟುವುದೇ ಅಲ್ಲಿಂದ.

ಒಂದು ತಿಂಗಳು ತಪ್ಪಿದರೆ ಫೋನ್ ಮಾಡಿ. ಎರಡು ತಿಂಗಳು ತಪ್ಪಿದರೆ ವಕೀಲರಿಗೆ ಹೇಳಿ. ಮೂರು ತಿಂಗಳು ತುಂಬಿದ ಕೂಡಲೇ ಜಾರಿ ಅರ್ಜಿ ಹಾಕಿಬಿಡಿ. ಇದು ಕಾಯ್ದೆಯ ಲೆಕ್ಕವಲ್ಲ, ನನ್ನದು. ಕಾಯ್ದೆ ಒಂದು ವರ್ಷ ಕೊಟ್ಟಿದೆ ನಿಜ. ಆದರೆ ಬಾಕಿ ಬೆಳೆದಷ್ಟೂ ಆತ "ಒಟ್ಟಿಗೆ ಅಷ್ಟು ಎಲ್ಲಿಂದ ತರಲಿ" ಎಂದು ಕಂತು ಕೇಳುತ್ತಾನೆ, ಹನ್ನೆರಡು ಸಾವಿರವಾದರೆ ಸಾಲ ಮಾಡಿಯಾದರೂ ಕಟ್ಟುತ್ತಾನೆ. ಅರ್ಜಿ ವಿಚಾರಣೆಯಲ್ಲಿರುವಾಗ ಮತ್ತೆ ಬೀಳುವ ಬಾಕಿಯನ್ನು ಅದರಲ್ಲೇ ಸೇರಿಸಲು ಕೇಳಬಹುದು. ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ಇದನ್ನು ಒಪ್ಪಿದೆ.

ಜಾರಿ ಅರ್ಜಿಯ ಮೇಲೆ ಬರುವುದು ದಂಡ ವಸೂಲಿ ವಾರಂಟ್. ಕೋರ್ಟಿನಲ್ಲಿ ಎಲ್ಲರೂ ಎಫ್‌ಎಲ್‌ಡಬ್ಲ್ಯು ಎನ್ನುತ್ತಾರೆ. ದಂಡವನ್ನು ಹೇಗೆ ವಸೂಲು ಮಾಡುತ್ತಾರೋ ಹಾಗೆಯೇ ಇದನ್ನೂ ವಸೂಲು ಮಾಡಬೇಕು. ಆತನ ಚರಾಸ್ತಿಯನ್ನು ಜಪ್ತಿ ಮಾಡಿ ಹರಾಜು ಹಾಕಬಹುದು. ಅಥವಾ ಜಿಲ್ಲಾಧಿಕಾರಿಗೆ ವಾರಂಟ್ ಕಳುಹಿಸಿ, ಭೂಕಂದಾಯದ ಬಾಕಿಯಂತೆ ಜಮೀನಿನ ಮೇಲಿಂದಲೂ ವಸೂಲು ಮಾಡಿಸಬಹುದು. ಜಮೀನಿದ್ದವರ ವಿಷಯದಲ್ಲಿ ಈ ಎರಡನೆಯ ದಾರಿಯನ್ನು ಬಹಳ ಮಂದಿ ಕೇಳುವುದೇ ಇಲ್ಲ. ತಹಶೀಲ್ದಾರ್ ಕಚೇರಿಯಿಂದ ನೋಟಿಸ್ ಬಂತೆಂದರೆ, ಕೋರ್ಟಿನ ಮೂರು ವಾಯಿದೆಗೆ ಬಗ್ಗದವನೂ ಅಣ್ಣತಮ್ಮಂದಿರನ್ನು ಕರೆದುಕೊಂಡು ಬರುತ್ತಾನೆ.

ವಾರಂಟ್ ಹೊರಟರೂ ಹಣ ಬರದಿದ್ದರೆ, ಸಕಾರಣವಿಲ್ಲದೆ ಕೊಡದವನನ್ನು ಒಂದು ತಿಂಗಳವರೆಗೆ, ಅಥವಾ ಅದಕ್ಕೂ ಮೊದಲೇ ಕಟ್ಟಿದರೆ ಅಲ್ಲಿಯವರೆಗೆ, ಜೈಲಿಗೆ ಕಳುಹಿಸಬಹುದು. ಜೈಲಿಗೆ ಹೋಗಿಬಂದರೆ ಬಾಕಿ ಚುಕ್ತಾ ಆಗುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿದೆ. ಇಲ್ಲ, ಆಗುವುದಿಲ್ಲ. ಜೈಲು ವಸೂಲಿಯ ಒಂದು ವಿಧಾನ, ಸಾಲ ತೀರಿಸುವ ದಾರಿಯಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ವಾರಂಟ್ ಹಿಡಿದು ಹೋಗುವುದು ಪೊಲೀಸರು. ಅವರ ಮೇಜಿನ ಮೇಲೆ ಕಳ್ಳತನ, ಬಂದೋಬಸ್ತ್, ಅಪಘಾತ ಎಲ್ಲ ಇರುವಾಗ ನಿಮ್ಮ ವಾರಂಟ್ ಅಡಿಗೆ ಬೀಳುತ್ತದೆ. ವಾರಂಟ್ ಯಾವ ಠಾಣೆಗೆ, ಯಾವ ದಿನ ಹೋಯಿತು ಎಂದು ಬೆಂಚ್ ಕ್ಲರ್ಕ್ ಬಳಿ ಕೇಳಿ ಬರೆದುಕೊಳ್ಳಿ. ಆತನ ಈಗಿನ ವಿಳಾಸ, ಫೋಟೊ, ಮನೆಯಲ್ಲಿರುವ ಹೊತ್ತು ಇವನ್ನು ಠಾಣೆಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮಂಡಕ್ಕಿ ಭಟ್ಟಿಯ ಆ ತಾಯಿಯ ಗಂಡ ಎರಡು ಸಲ "ಪತ್ತೆಯಿಲ್ಲ" ಆಗಿದ್ದ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಮಾತ್ರ ತಪ್ಪಿಸುವವನಲ್ಲ. ಜಾತ್ರೆಯ ವಾರ ಮುಂಚೆಯೇ ಠಾಣೆಗೆ ಚೀಟಿ ಕೊಟ್ಟರು, ಬೀಗರಿಗೆ ಊಟ ಬಡಿಸುತ್ತಿದ್ದವನು ಸಿಕ್ಕ. ಕೊನೆಯ ಹನ್ನೆರಡು ತಿಂಗಳ ಬಾಕಿ ಬಂತು. ಅದಕ್ಕೂ ಹಿಂದಿನದಕ್ಕೆ ವಾರಂಟಿನ ದಾರಿ ಮುಚ್ಚಿಹೋಗಿತ್ತು.

ಆತ ಬೇರೆ ಊರಿಗೆ ಹೋಗಿ ನೆಲೆಸಿದ್ದರೆ, ಆ ಊರಿನ ಮ್ಯಾಜಿಸ್ಟ್ರೇಟರ ಮೂಲಕವೂ ಆದೇಶವನ್ನು ಜಾರಿ ಮಾಡಿಸಬಹುದು, 147ನೇ ಕಲಮು ಅದಕ್ಕೇ ಇದೆ. ಪಗಾರದ ಕೆಲಸದಲ್ಲಿದ್ದರೆ ಸಂಬಳ ಜಪ್ತಿಗೆ ಕೇಳಿ. ಜೀವನಾಂಶದ ಆದೇಶವನ್ನು ಸಿವಿಲ್ ಡಿಕ್ರಿಯಂತೆಯೂ ಜಾರಿ ಮಾಡಬಹುದೆಂದು 2020ರ ತೀರ್ಪು ಹೇಳಿದೆ. ಜೀವನಾಂಶದ ಡಿಕ್ರಿಯಲ್ಲಿ ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ ರಕ್ಷಣೆ, ಉಳಿದದ್ದು ಜಪ್ತಿಗೆ ಸಿಗುತ್ತದೆ. ಒಂದು ವರ್ಷ ದಾಟಿದ ಬಾಕಿಯವರು ಸಿವಿಲ್ ಡಿಕ್ರಿಯ ಈ ಮಾತನ್ನು ಹಿಡಿದು ವಕೀಲರ ಬಳಿ ಕೂರಬೇಕು. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಆದೇಶವಾಗಿದ್ದರೆ, ಸಂಬಳದಿಂದ ಮುರಿದು ನೇರವಾಗಿ ನಿಮಗೆ ಕೊಡಲು ಆತನ ಮಾಲೀಕರಿಗೇ ನಿರ್ದೇಶನ ನೀಡಿಸಬಹುದು.

ಆದೇಶದ ಮೇಲೆ ಹೈಕೋರ್ಟಿಗೆ ಹೋಗಿದ್ದೇನೆ ಎಂದು ಆತ ಹೆದರಿಸಿದರೆ ತಡೆಯಾಜ್ಞೆ ಇದೆಯೇ ಎಂದು ಕೇಳಿ. ತಡೆಯಾಜ್ಞೆ ಇಲ್ಲದೆ ವಸೂಲಿ ನಿಲ್ಲುವುದಿಲ್ಲ. ಹರಿಹರದ ಸೇತುವೆಯ ಆಚೆ ರಾಣೆಬೆನ್ನೂರಿನವರಿಗೆ ಹೈಕೋರ್ಟ್ ಎಂದರೆ ಧಾರವಾಡ ಪೀಠ, ಈಚೆ ದಡದ ನಮಗೆ ಬೆಂಗಳೂರು. ಪ್ರಕರಣ ಎಲ್ಲಿದೆ, ಮುಂದಿನ ದಿನಾಂಕ ಯಾವುದು ಎಂಬುದನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮಗನೋ ಮಗಳೋ ನಿಮಿಷದಲ್ಲಿ ನೋಡಿ ಹೇಳುತ್ತಾರೆ.

ಕೊಡಬೇಕಾದ ತಂದೆಗೂ ಎರಡು ಮಾತು

ಕೆಲಸ ಹೋಯಿತು, ಕಾಯಿಲೆ ಬಿದ್ದೆ, ಬೆಳೆ ಕೈಕೊಟ್ಟಿತು ಎಂದಾದರೆ ಸುಮ್ಮನೆ ನಿಲ್ಲಿಸಬೇಡಿ. 146ನೇ ಕಲಮಿನಡಿ ಮೊತ್ತ ಇಳಿಸಲು ಅರ್ಜಿ ಹಾಕಿ. ಆದೇಶ ಬದಲಾಗುವವರೆಗೆ ಹಳೆಯ ಮೊತ್ತವೇ ಬಾಕಿಯಾಗಿ ಬೆಳೆಯುತ್ತದೆ. ಪೂರ್ತಿ ಆಗದಿದ್ದರೆ ಆದಷ್ಟನ್ನು ಖಾತೆಗೆ ಹಾಕುತ್ತಿರಿ, ನ್ಯಾಯಾಧೀಶರು ಅದನ್ನು ಗಮನಿಸುತ್ತಾರೆ. ಇದೇ ಕಲಮಿನಡಿ ತಾಯಿ ಹೆಚ್ಚಳವನ್ನೂ ಕೇಳಬಹುದು. ಒಂದನೇ ತರಗತಿಯಲ್ಲಿ ಆದ ಆದೇಶ ಹೈಸ್ಕೂಲಿಗೆ ಸಾಲುವುದಿಲ್ಲ.

ಹದಿನೆಂಟು ತುಂಬುವಾಗ

144ರ ಅಡಿಯ ಹಣ ಸಾಮಾನ್ಯವಾಗಿ ಮಗುವಿಗೆ 18 ತುಂಬುವ ದಿನ ನಿಲ್ಲುತ್ತದೆ. ಅಂದರೆ ಎಷ್ಟೋ ಮಕ್ಕಳಿಗೆ ಎರಡನೇ ಪಿಯುಸಿ ಮುಗಿದು ಕಾಲೇಜಿನ ಶುಲ್ಕ ಕಟ್ಟುವ ಹೊತ್ತಿಗೆ ಸರಿಯಾಗಿ. ದೈಹಿಕ ಅಥವಾ ಮಾನಸಿಕ ಅಂಗವೈಕಲ್ಯದಿಂದ ದುಡಿಯಲಾಗದ ಮಗುವಿಗೆ ಆಮೇಲೂ ಮುಂದುವರಿಯುತ್ತದೆ. ವೈದ್ಯಕೀಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಡಿ. ತನ್ನನ್ನು ತಾನು ಸಾಕಿಕೊಳ್ಳಲಾಗದ ಅವಿವಾಹಿತ ಮಗಳು, ಹಿಂದೂವಾಗಿದ್ದರೆ, 1956ರ ಕಾಯ್ದೆಯ 20ನೇ ಕಲಮಿನಡಿ ಮದುವೆಯವರೆಗೂ ತಂದೆಯಿಂದ ಕೇಳಬಹುದು ಎಂದು 2020ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅದು ಬೇರೆ ದಾವೆ, ಮಗಳೇ ವಾದಿ, ಸಹಿ ಅವಳದೇ. 18ಕ್ಕೂ ಮೊದಲಿನ ಬಾಕಿ ಉಳಿದಿದ್ದರೆ ಅದು ವಯಸ್ಸಿನ ಜೊತೆ ಕರಗುವುದಿಲ್ಲ. ಅದಕ್ಕೂ ಅದೇ ಒಂದು ವರ್ಷದ ಗಡುವಿದೆ, ಹುಟ್ಟುಹಬ್ಬದ ಹಿಂದಿನ ತಿಂಗಳೇ ನೋಟ್‌ಬುಕ್ ತೆಗೆದು ಲೆಕ್ಕ ಮಾಡಿ.